ಒಂದು ಮಗುವಿಗೆ ಬಾಟ್ಲಿ ಓಪನ್ ಮಾಡಲ್ವಂತೆ



ಕಳೆದ ಗುರುವಾರ ಅರ್ಧ ದಿನ ರಜೆ ಹಾಕಿ ನಮ್ಮಕ್ಕನ ಮಗಳ ಜೊತೆ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಅವಳ ಮಗುವಿಗೆ ಹತ್ತು ತಿಂಗಳು ತುಂಬಿದೆ. ಒಂಬತ್ತು ತುಂಬಿದ ಕೂಡಲೇ ಹಾಕಿಸಬೇಕಾದ ದಡಾರ-ರುಬೆಲ್ಲಾ ಲಸಿಕೆ ಇನ್ನೂ ಆಗಿರಲಿಲ್ಲ. "ಯಾಕವ್ವ ಇಷ್ಟು ತಡ ಮಾಡಿದೆ?" ಅಂತ ಸ್ವಲ್ಪ ಗದರಿಸಿಯೇ ಕೇಳಿದೆ.

"ಎರಡು ಸಲ ಹೋಗಿ ವಾಪಸ್ ಬಂದಿದೀನಿ ಮಾವ. ಒಂದು ಮಗುವಿಗೆ ಬಾಟ್ಲಿ ಓಪನ್ ಮಾಡಕ್ಕಾಗಲ್ಲ, ಮುಂದಿನ ವಾರ ಬಾ ಅಂದ್ರು. ಎರಡು ದಿನದ ಶುಂಠಿ ಹೊಲದ ಕೂಲಿ ಹೋಯ್ತು" ಅಂದಳು.

ನಾಚಿಕೆಯಾಯಿತು. "ನಿಮ್ಮವರಿಗೆ ಅರಿವಿಲ್ಲ ಕಣ್ರೀ" ಅಂತ ಅಧಿಕಾರಿಗಳು ಹೇಳೋ ಮಾತನ್ನೇ ನಾನೂ ಮನಸ್ಸಲ್ಲಿ ಇಟ್ಟುಕೊಂಡು ಅವಳನ್ನು ಕೇಳಿದ್ದೆ.

ಬಾಟ್ಲಿ ವಿಷಯ ಏನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ದಡಾರ ಲಸಿಕೆ ಪುಡಿ ರೂಪದಲ್ಲಿ ಬರುತ್ತೆ. ಒಂದು ಬಾಟ್ಲಿಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟಿರುತ್ತೆ. ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಬಿಸಾಕಬೇಕು. ಅದಕ್ಕೇ ನಾಲ್ಕೈದು ಮಕ್ಕಳು ಸೇರಲಿ ಅಂತ ಕಾಯ್ತಾರೆ. ಆದರೆ ಬಂದಿರೋದು ಒಂದೇ ಮಗುವಾದರೂ ಬಾಟ್ಲಿ ಓಪನ್ ಮಾಡಬೇಕು ಅನ್ನೋದು ಇಲಾಖೆಯದೇ ಸೂಚನೆ. ಬಾಟ್ಲಿ ದಂಡವಾದರೆ ಇನ್ನೊಂದು ಬರುತ್ತೆ. ಮಗುವಿಗೆ ದಡಾರ ಬಂದು ಅದು ನ್ಯುಮೋನಿಯಾಕ್ಕೆ ತಿರುಗಿದರೆ ಮಗು ವಾಪಸ್ ಬರಲ್ಲ.

ಗುರುವಾರ ನಾನು ಜಗಳ ಮಾಡಲಿಲ್ಲ. ಮೆತ್ತಗೇ ಕೇಳಿದೆ. ಸಿಸ್ಟರ್ ನನ್ನ ಕೊರಳಲ್ಲಿದ್ದ ಆಫೀಸಿನ ಐಡಿ ಕಾರ್ಡ್ ನೋಡಿದರು, "ಕೂತ್ಕೊಳ್ಳಿ ಸರ್" ಅಂದರು, ಐದು ನಿಮಿಷದಲ್ಲಿ ಇಂಜೆಕ್ಷನ್ ಆಯಿತು. ಅವತ್ತೂ ಇದ್ದದ್ದು ಒಂದೇ ಮಗು!

ನನ್ನ ಇಸ್ತ್ರಿ ಶರ್ಟಿಗೆ ಓಪನ್ ಆದ ಬಾಟ್ಲಿ ಅವಳ ಕೂಲಿ ಸೀರೆಗೆ ಯಾಕೆ ಓಪನ್ ಆಗಲಿಲ್ಲ? ಇದು ನನ್ನ ಪ್ರಶ್ನೆ.

ಆ ಸಿಸ್ಟರ್ ಒಬ್ಬರನ್ನೇ ಬೈದು ಪ್ರಯೋಜನವಿಲ್ಲ. ಹಲವು ಹಳ್ಳಿಗಳು ಅವರೊಬ್ಬರ ತಲೆ ಮೇಲಿವೆ. ದಂಡವಾದ ಡೋಸಿನ ಲೆಕ್ಕ ಮೇಲಿನವರು ಕೇಳ್ತಾರೆ, ವಾಪಸ್ ಹೋದ ಮಗುವಿನ ಲೆಕ್ಕ ಯಾರೂ ಕೇಳಲ್ಲ. ನಾನು ಗುಮಾಸ್ತ, ಕಡತದ ಗುಣ ನನಗೆ ಗೊತ್ತು. ಕಡತದಲ್ಲಿ ಯಾವುದಕ್ಕೆ ಕಾಲಂ ಇಲ್ಲವೋ ಅದು ನಡೆದೇ ಇಲ್ಲ.

ಇನ್ನು "ಅರಿವಿಲ್ಲ" ಅನ್ನೋ ಮಾತು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾ ಹಾಕ್ತಾರೆ. ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಬರಬಹುದು. ಅದು ಸಹಜ, ಸಿಸ್ಟರ್ ಹೇಳಿದಷ್ಟು ಔಷಧಿ ಕೊಟ್ಟರೆ ಇಳಿಯುತ್ತೆ. ಆದರೆ ಲಸಿಕೆಯ ದಿನದ ಕೂಲಿ ಹೋಗಿ, ಜ್ವರದ ಮಗು ಬಿಟ್ಟು ಹೋಗಲಾಗದೆ ಮಾರನೇ ದಿನದ್ದೂ ಹೋದರೆ, ಮುಂದಿನ ಡೋಸಿಗೆ ತಾಯಿ ಹಿಂದೆಮುಂದೆ ನೋಡ್ತಾಳೆ. ಇದನ್ನ ಅಜ್ಞಾನ ಅನ್ನಬೇಡಿ, ಇದು ಹೊಟ್ಟೆಯ ಲೆಕ್ಕ. ಜೊತೆಗೆ ನಮ್ಮೂರಲ್ಲಿ ಲಸಿಕೆ ಹಾಕೋ ಅಂಗನವಾಡಿ ಇರೋದು ಮೇಲಿನ ಬೀದಿಯಲ್ಲಿ, ಬೆಳಗ್ಗೆ ಹತ್ತರ ಮೇಲೆ. ಆ ಹೊತ್ತಿಗೆ ಕೇರಿಯ ಹೆಂಗಸರು ಹೊಲದಲ್ಲಿರ್ತಾರೆ. ತಿಂಗಳಿಗೊಂದು ಸಲ ಕೇರಿಯ ಸಮುದಾಯ ಭವನದಲ್ಲಿ ಬೆಳಗ್ಗೆ ಬೇಗ ಅಥವಾ ಸಂಜೆ ಹಾಕಿದರೆ ಏನು ನಷ್ಟ?

1985ರಿಂದ ಈ ಕಾರ್ಯಕ್ರಮ ನಡೀತಿದೆ, ಪುಕ್ಕಟೆ. ಪುಕ್ಕಟೆ ಅಂದ ತಕ್ಷಣ ಭಿಕ್ಷೆ ಅಲ್ಲ. ಜನರ ಆರೋಗ್ಯ ಸುಧಾರಿಸೋದು ಸರ್ಕಾರದ ಕರ್ತವ್ಯ ಅಂತ ಸಂವಿಧಾನದ 47ನೇ ವಿಧಿ ಹೇಳುತ್ತೆ. 2014ರಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿದ್ದು ಮನೆ ಬಿಡದೆ, ಗುಡಿಸಲು ಬಿಡದೆ, ಬಸ್‌ಸ್ಟಾಂಡ್ ಬಿಡದೆ ಹನಿ ಹಾಕಿದ್ದಕ್ಕೆ. ಮನಸ್ಸು ಮಾಡಿದರೆ ಸರ್ಕಾರಕ್ಕೆ ಕೇರಿಯ ದಾರಿ ಗೊತ್ತು.

ನಮ್ಮ ಸಂಗಾತಿಗಳಿಗೂ ಒಂದು ಮಾತು. ಲಸಿಕೆಯೇ ಮೋಸ ಅನ್ನೋ ಫಾರ್ವರ್ಡ್ ಮೆಸೇಜುಗಳನ್ನ ನಮ್ಮ ಗ್ರೂಪುಗಳಲ್ಲೂ ಹಾಕ್ತಿದ್ದೀರಿ. ದಯವಿಟ್ಟು ನಿಲ್ಲಿಸಿ. ಬಾಬಾಸಾಹೇಬರು ಮತ್ತು ರಮಾಬಾಯಿಯವರ ಐದು ಮಕ್ಕಳಲ್ಲಿ ಉಳಿದದ್ದು ಯಶವಂತರು ಒಬ್ಬರೇ. ನಾಲ್ಕು ಮಕ್ಕಳು ಎಳವೆಯಲ್ಲೇ ತೀರಿಕೊಂಡವು. ಪ್ಲೇಗ್ ರೋಗಿಗಳ ಸೇವೆ ಮಾಡ್ತಾ ಸಾವಿತ್ರಿಬಾಯಿ ಫುಲೆ 1897ರಲ್ಲಿ ಪ್ರಾಣ ಬಿಟ್ಟರು. ಮಕ್ಕಳನ್ನ ಮಣ್ಣು ಮಾಡಿದ ಜನ ನಾವು, ಲಸಿಕೆ ಬೇಡ ಅನ್ನೋ ಶೋಕಿ ನಮಗೆ ಬೇಡ. ಪ್ರಶ್ನೆ ಕೇಳೋಣ, ಲಸಿಕೆ ಬಿಡೋದು ಬೇಡ.

ದೊಡ್ಡವರಿಗೂ ಲಸಿಕೆ ಇದೆ. ಕಸದಲ್ಲಿ ಬರೋ ಸೂಜಿ, ಒಡೆದ ಗಾಜು ದಿನಾ ಕೈಗೆ ಚುಚ್ಚಿಸಿಕೊಳ್ಳೋರು ನಮ್ಮ ಪೌರಕಾರ್ಮಿಕ ಅಣ್ಣ-ಅಕ್ಕಂದಿರು. ಅವರಿಗೆ ಧನುರ್ವಾಯು ಲಸಿಕೆ, ಮೂರು ಡೋಸು ಹೆಪಟೈಟಿಸ್ ಬಿ ಆಗಿದೆಯಾ? ಹೊರಗುತ್ತಿಗೆಯವರನ್ನ ಯಾರಾದರೂ ಕೇಳಿದ್ದಾರಾ?

ಹಾಗಾಗಿ ಮಾಡಬೇಕಾದ್ದು ಇಷ್ಟು. ಈ ಭಾನುವಾರ ನಿಮ್ಮ ಕೇರಿಯ ಮನೆಮನೆಗೆ ಹೋಗಿ ತಾಯಿ ಕಾರ್ಡ್ ನೋಡಿ, ಬಾಕಿ ಇರೋ ಮಕ್ಕಳ ಪಟ್ಟಿ ಮಾಡಿ. ಆಶಾ ಅಕ್ಕನನ್ನ ಜೊತೆಗೆ ಕರ್ಕೊಳ್ಳಿ, ಆಕೆಯೂ ನಮ್ಮ ಹಾಗೇ ಸರಿಯಾದ ಸಂಬಳಕ್ಕೆ ಹೋರಾಡ್ತಿರೋಳು. ಪಟ್ಟಿ ವೈದ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಲಸಿಕೆಯ ಮೈಕ್ರೋಪ್ಲಾನ್ ಕೇಳಿ, ಅದರಲ್ಲಿ ನಿಮ್ಮ ಕೇರಿಯ ಹೆಸರಿದೆಯಾ ನೋಡಿ. ಕೊಡದಿದ್ದರೆ ಆರ್‌ಟಿಐ ಹಾಕಿ. ಅರ್ಜಿ ಬರೆಯೋಕೆ ಬರದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ನಾನು ಬರೆದುಕೊಡ್ತೀನಿ. ಇಪ್ಪತ್ತು ವರ್ಷದಿಂದ ಮಾಡ್ತಿರೋ ಕೆಲಸ ಅದೇ.

ನಮ್ಮಕ್ಕನ ಮೊಮ್ಮಗುವಿಗೆ ಎರಡನೇ ದಡಾರ ಡೋಸು ಇರೋದು ಹದಿನಾರು ತಿಂಗಳು ತುಂಬಿದ ಮೇಲೆ. ಅವತ್ತು ನಾನು ಜೊತೆಗೆ ಹೋಗಲ್ಲ. ಅವಳೊಬ್ಬಳೇ ಹೋಗ್ತಾಳೆ, ಅದೇ ಕೂಲಿ ಸೀರೆಯಲ್ಲಿ. ಬಾಟ್ಲಿ ಓಪನ್ ಆಗಬೇಕು.

ಜೈಭೀಮ್.