ಅಗ್ನಿಶಾಮಕ ಠಾಣೆಯ ಬೇಡಿಕೆ: ಗ್ರಾಮದಿಂದ ವಿಧಾನಮಂಡಲದವರೆಗೆ

ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಜೇವರ್ಗಿ ತಾಲ್ಲೂಕಿನ ಕೊಳಕೂರ ಹಾಗೂ ಆಳಂದ, ಅಫಜಲಪುರ ಭಾಗದ ಗ್ರಾಮಗಳಲ್ಲಿ ಕಣಿಕೆ ಬಣವೆಗೋ ಕಬ್ಬಿನ ಹೊಲಕ್ಕೋ ಬೆಂಕಿ ತಗುಲಿದಲ್ಲಿ ಮೊದಲ ಅರ್ಧ ಗಂಟೆಯೇ ನಿರ್ಣಾಯಕವಾದುದು. ಅಗ್ನಿಶಾಮಕ ಸಲಹಾ ಸ್ಥಾಯಿ ಮಂಡಳಿಯ ಮಾನದಂಡದಂತೆ ಗ್ರಾಮೀಣ ಪ್ರದೇಶದಲ್ಲಿ ವಾಹನವು 20 ನಿಮಿಷಗಳೊಳಗೆ ಸ್ಥಳವನ್ನು ತಲುಪತಕ್ಕದ್ದು. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ ಚಲಿಸುವ ವಾಹನವು 20 ನಿಮಿಷಗಳಲ್ಲಿ ಕ್ರಮಿಸುವ ದೂರ ಸುಮಾರು 13 ಕಿ.ಮೀ. ಮಾತ್ರ. ತಮ್ಮ ಗ್ರಾಮವು ಈ ದೂರದ ಒಳಗಿದೆಯೇ, ಹೊರಗಿದೆಯೇ ಎಂಬುದನ್ನು ಓದುಗರು ತಾವೇ ಅಳೆದು ನೋಡಬಹುದಾಗಿದೆ. ಹೊರಗಿದ್ದಲ್ಲಿ ಬೇಡಿಕೆಯನ್ನು ಯಾರ ಮುಂದೆ, ಯಾವ ರೀತಿಯಲ್ಲಿ ಮಂಡಿಸಬೇಕು ಎಂಬುದೇ ಈ ಲೇಖನದ ವಿಷಯ.

ಕಾನೂನಿನ ಸ್ಥಿತಿ

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯಿಂದ ಸೇರಿಸಲಾದ ಹನ್ನೆರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯನ್ನು ನಗರಸಭೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ 7ನೆಯ ಬಾಬಾಗಿ ನಮೂದಿಸಲಾಗಿದೆ. ಪಂಚಾಯಿತಿಗಳಿಗೆ ಸಂಬಂಧಿಸಿದ ಹನ್ನೊಂದನೆಯ ಅನುಸೂಚಿಯ 29 ಬಾಬುಗಳಲ್ಲಿ ಈ ಸೇವೆಯ ಹೆಸರೇ ಇರುವುದಿಲ್ಲ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಅಧಿನಿಯಮದ ಅನ್ವಯ ಈ ಸೇವೆಯನ್ನು ಒಳಾಡಳಿತ ಇಲಾಖೆಯ ಅಧೀನದಲ್ಲಿ ರಾಜ್ಯ ಸರ್ಕಾರವೇ ನಿರ್ವಹಿಸುತ್ತಿದೆ. ಆದ್ದರಿಂದ ಗ್ರಾಮಸ್ಥರು ಗ್ರಾಮ ಪಂಚಾಯಿತಿಯ ಠರಾವಿನೊಂದಿಗೆ ನಿಂತರೆ ಸಾಲದು. ಠಾಣೆ, ವಾಹನ ಮತ್ತು ಹುದ್ದೆಗಳಿಗೆ ಬೇಕಾದ ಹಣಕ್ಕೆ ಅನುಮೋದನೆ ದೊರೆಯಬೇಕಾದ ಸ್ಥಳ ರಾಜ್ಯದ ವಿಧಾನಸಭೆ.

ಅಗ್ನಿಶಾಮಕ ಸಿಬ್ಬಂದಿಯು ಸರ್ಕಾರಿ ನೌಕರರ ನಡತೆ ನಿಯಮಗಳಿಗೆ ಒಳಪಟ್ಟವರಾಗಿದ್ದು, ತಮ್ಮ ಬೇಡಿಕೆಗಳಿಗಾಗಿ ರಾಜಕೀಯ ಪ್ರಭಾವ ಬೀರುವಂತಿಲ್ಲ. ಅವರ ಪರವಾಗಿ ಸದನದಲ್ಲಿ ಮಾತನಾಡಬೇಕಾದವರು ಶಾಸಕರು. ಶಾಸಕರಿಗೆ ಆಧಾರ ಒದಗಿಸಬೇಕಾದವರು ನಾಗರಿಕರು.

ಅನುದಾನದ ಸ್ವರೂಪ

ಹದಿನೈದನೆಯ ಹಣಕಾಸು ಆಯೋಗದ ಶಿಫಾರಸಿನ ಮೇರೆಗೆ ಕೇಂದ್ರ ಗೃಹ ಮಂತ್ರಾಲಯವು 2023ರ ಜುಲೈನಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣ ಯೋಜನೆಯನ್ನು ಆರಂಭಿಸಿತು. 2025-26ರವರೆಗಿನ ಅವಧಿಗೆ ರೂಪಿಸಲಾದ ಈ ಯೋಜನೆಯ ಒಟ್ಟು ಗಾತ್ರ ರೂ. 6,400 ಕೋಟಿ, ಅದರಲ್ಲಿ ಕೇಂದ್ರದ ಪಾಲು ರೂ. 5,000 ಕೋಟಿ. ಈಶಾನ್ಯ ಮತ್ತು ಹಿಮಾಲಯ ರಾಜ್ಯಗಳು ಶೇ. 10ರಷ್ಟು, ಇತರ ರಾಜ್ಯಗಳು ಶೇ. 25ರಷ್ಟು ತಮ್ಮ ಪಾಲನ್ನು ಭರಿಸಬೇಕಿತ್ತು. ಕಾನೂನು ಮತ್ತು ಮೂಲಸೌಕರ್ಯ ಸುಧಾರಣೆ ಕೈಗೊಳ್ಳುವ ರಾಜ್ಯಗಳಿಗೆ ಪ್ರೋತ್ಸಾಹಧನವಾಗಿ ರೂ. 500 ಕೋಟಿಯನ್ನು ಕಾದಿರಿಸಲಾಗಿತ್ತು. ಇದಕ್ಕೂ ಮುನ್ನ 2019ರಲ್ಲಿ ಕೇಂದ್ರವು ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳುಹಿಸಿತ್ತು.

ಇಲ್ಲಿ ಲೆಕ್ಕಪತ್ರದ ಒಂದು ವ್ಯತ್ಯಾಸವನ್ನು ಗಮನಿಸುವುದು ಅಗತ್ಯ. ಕಟ್ಟಡ ಮತ್ತು ವಾಹನ ಬಂಡವಾಳ ವೆಚ್ಚ. ಅದು ಒಮ್ಮೆ ಮಾಡುವ ವೆಚ್ಚ. ಚಾಲಕರ ಮತ್ತು ಅಗ್ನಿಶಾಮಕರ ವೇತನ, ಇಂಧನ ಹಾಗೂ ದುರಸ್ತಿ ರಾಜಸ್ವ ವೆಚ್ಚವಾಗಿದ್ದು, ಪ್ರತಿ ವರ್ಷ ರಾಜ್ಯದ ಆಯವ್ಯಯದಿಂದಲೇ ಭರಿಸಬೇಕಾಗುತ್ತದೆ. ಬಂಡವಾಳಕ್ಕೆ ಹೊರಗಿನ ನೆರವು ದೊರೆತರೂ ಹುದ್ದೆಗಳು ಮಂಜೂರಾಗದಿದ್ದಲ್ಲಿ ವಾಹನವು ಷೆಡ್ಡಿನಲ್ಲಿಯೇ ಉಳಿಯುತ್ತದೆ. ಆದಕಾರಣ ಠಾಣೆ ಬೇಕೆಂದು ಕೇಳುವಾಗ ಮೂರು ಪಾಳಿಗಳಿಗೆ ಸಾಕಾಗುವ ಸಿಬ್ಬಂದಿಯನ್ನೂ ಅದೇ ಅರ್ಜಿಯಲ್ಲಿ ಕೇಳತಕ್ಕದ್ದು.

ಸದನದಲ್ಲಿ ಲಭ್ಯವಿರುವ ಮಾರ್ಗಗಳು

1. ಚುಕ್ಕೆ ಗುರುತಿನ ಹಾಗೂ ಚುಕ್ಕೆರಹಿತ ಪ್ರಶ್ನೆಗಳು: ಖಾಲಿ ಹುದ್ದೆ, ವಾಹನಗಳ ವಯಸ್ಸು, ಸ್ವೀಕರಿಸಿದ ಕರೆಗಳ ಸಂಖ್ಯೆ ಇತ್ಯಾದಿಗಳಿಗೆ ಸರ್ಕಾರದಿಂದ ದಾಖಲಿತ ಉತ್ತರ ದೊರೆಯುತ್ತದೆ.
2. ಗಮನ ಸೆಳೆಯುವ ಸೂಚನೆ: ಇತ್ತೀಚೆಗೆ ಸಂಭವಿಸಿದ ಅನಾಹುತದ ಬಗ್ಗೆ ಸಚಿವರ ಹೇಳಿಕೆ ಪಡೆಯಬಹುದು.
3. ಬೇಡಿಕೆಗಳ ಮೇಲಿನ ಚರ್ಚೆ: ಸಂವಿಧಾನದ 203ನೆಯ ಅನುಚ್ಛೇದದಂತೆ ಅನುದಾನದ ಬೇಡಿಕೆಗಳಿಗೆ ವಿಧಾನಸಭೆಯ ಒಪ್ಪಿಗೆ ಅಗತ್ಯ. ಹಣದ ವಿಷಯ ತೀರ್ಮಾನವಾಗುವುದು ಇಲ್ಲಿಯೇ.
4. ಅರ್ಜಿಗಳ ಸಮಿತಿ: ಸಾರ್ವಜನಿಕರ ಮನವಿಗಳನ್ನು ಪರಿಶೀಲಿಸಲು ಸದನದ ಸಮಿತಿ ಇರುತ್ತದೆ.
5. 371(ಜೆ) ಅನುಚ್ಛೇದ: ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡುವುದಕ್ಕೂ ಅಭಿವೃದ್ಧಿ ವೆಚ್ಚದ ಸಮಾನ ಹಂಚಿಕೆಗೂ ಇದರಲ್ಲಿ ಅವಕಾಶವಿದೆ. ಪ್ರದೇಶದ ಶಾಸಕರು ಅಗ್ನಿ ಸುರಕ್ಷತೆಯ ಕೊರತೆಯನ್ನು ಎತ್ತಲು ಇದು ಸೂಕ್ತ ಸಂದರ್ಭ.

2017-18ರ ಆಯವ್ಯಯದಲ್ಲಿ ಹೊಸ ತಾಲ್ಲೂಕುಗಳು ಘೋಷಣೆಯಾಗಿ ಜೇವರ್ಗಿಯಿಂದ ಯಡ್ರಾಮಿ ಪ್ರತ್ಯೇಕವಾಯಿತು. ಇಂತಹ ವಿಭಜನೆಯಾದಾಗ ಕಂದಾಯ ಕಚೇರಿಗಳೊಂದಿಗೆ ತುರ್ತು ಸೇವೆಗಳ ಪ್ರಶ್ನೆಯೂ ಏಳುತ್ತದೆ. ಈ ಸೇವೆಯು ಬೆಂಕಿಗಷ್ಟೇ ಸೀಮಿತವೂ ಅಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಪ್ರವಾಹವು ಜಿಲ್ಲೆಯ ನದಿತೀರದ ಗ್ರಾಮಗಳನ್ನು ಆವರಿಸಿದಾಗ ಜನರಿಗೆ ಬೇಕಾಗಿದ್ದುದು ದೋಣಿ, ಹಗ್ಗ ಮತ್ತು ತರಬೇತಿ ಪಡೆದ ಕೈಗಳು. ಇಲಾಖೆಯ ಹೆಸರಿನಲ್ಲಿ "ತುರ್ತು ಸೇವೆಗಳು" ಎಂಬ ಪದವಿರುವುದು ಈ ಕಾರಣದಿಂದಲೇ.

ಸಾರ್ವಜನಿಕರು ವಹಿಸಬೇಕಾದ ಕ್ರಮ

(ಅ) ಬೆಂಕಿ ಎಷ್ಟೇ ಸಣ್ಣದಿರಲಿ 101 ಅಥವಾ 112ಕ್ಕೆ ಕರೆ ಮಾಡತಕ್ಕದ್ದು. ಊರವರೇ ನಂದಿಸಿ ಸುಮ್ಮನಾದ ಬೆಂಕಿ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ದಾಖಲೆಯಲ್ಲಿ ಇಲ್ಲದ ಬೆಂಕಿಗೆ ಸದನದಲ್ಲಿ ಬೆಲೆಯಿಲ್ಲ.
(ಆ) ಘಟನೆಯ ನಂತರ ಠಾಣೆಗೆ ಅರ್ಜಿ ಸಲ್ಲಿಸಿ ಅಗ್ನಿ ವರದಿಯ ಪ್ರತಿ ಪಡೆಯತಕ್ಕದ್ದು. ವಿಮೆಗೆ ಉಪಯುಕ್ತವಾದ ಈ ಪ್ರತಿಯು ಮನವಿಗೂ ಆಧಾರವಾಗುತ್ತದೆ.
(ಇ) ಕರೆ ಮಾಡಿದ ಸಮಯ ಮತ್ತು ವಾಹನ ಬಂದ ಸಮಯವನ್ನು ಬರೆದಿಡುವುದು. ಇಲಾಖೆಯ ಬಳಿ ಇರುವ ಮಾಹಿತಿಯನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಪಡೆಯಬಹುದು.
(ಈ) ಠಾಣೆಗೆ ಯೋಗ್ಯವಾದ ಸರ್ಕಾರಿ ಜಮೀನಿದ್ದಲ್ಲಿ ಅದರ ಸರ್ವೆ ನಂಬರನ್ನು ಮನವಿಯಲ್ಲಿ ನಮೂದಿಸುವುದು. ನಿವೇಶನ ದೊರೆಯದೆ ಪ್ರಸ್ತಾವನೆ ಮುಂದೆ ಸಾಗುವುದಿಲ್ಲ.
(ಉ) ಮನವಿಯನ್ನು ಆಯವ್ಯಯ ಸಿದ್ಧತೆಗೆ ಮೊದಲೇ ಸಲ್ಲಿಸಿ, ಸ್ವೀಕೃತಿ ಪಡೆಯುವುದು.

ಠಾಣೆ ಬರುವವರೆಗೆ ಬಣವೆಗಳನ್ನು ಮನೆಗಳಿಂದ ಹಾಗೂ ವಿದ್ಯುತ್ ತಂತಿಗಳಿಂದ ದೂರವಿಟ್ಟು, ಒಂದರಿಂದ ಒಂದಕ್ಕೆ ಸಾಕಷ್ಟು ಅಂತರ ಬಿಡುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.