ಅರ್ಧ ಬ್ಯಾಂಡಿಗೆ ನಿಂತ ವಿಮಾನ

ಬಸ್ ಸ್ಟ್ಯಾಂಡ್ ಸುತ್ತಮುತ್ತ ಒಂದು ಕಾಲದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡುಗಳಿದ್ದವು. ಈಗ ಅದೇ ಮಹಡಿಗಳ ಮೇಲೆ 'ಐಇಎಲ್‌ಟಿಎಸ್ ಕೋಚಿಂಗ್, 7 ಬ್ಯಾಂಡ್ ಗ್ಯಾರಂಟಿ' ಅಂತ ಬೋರ್ಡು. ಗ್ಯಾರಂಟಿ ಕೊಡೋದಕ್ಕೆ ಇದೇನು ಪ್ರೆಷರ್ ಕುಕ್ಕರೇ ಸ್ವಾಮಿ?

ಪೇಟೆಯ ಕಿರಾಣಿ ಅಂಗಡಿಯವರೊಬ್ಬರ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ. ಬ್ರಿಟನ್ನಿಗೆ ಹೋಗುವ ಆಸೆ. ಅಲ್ಲಿನ ನರ್ಸಿಂಗ್ ಕೌನ್ಸಿಲ್ ಕೇಳೋದು ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5. ಬರವಣಿಗೆಗೂ 7 ಕೇಳ್ತಿದ್ದರು, 2018ರ ಕೊನೆಯಲ್ಲಿ ಇಳಿಸಿದರು. ಈ ಹುಡುಗಿಗೆ ಮೂರರಲ್ಲಿ 7 ಬಂತು, ಬರವಣಿಗೆಯಲ್ಲಿ 6. ಅರ್ಧಕ್ಕೆ ವಿಮಾನ ನಿಂತಿತು. ಒಂದು ಸಲದ ಫೀಸು 17 ಸಾವಿರಕ್ಕೂ ಮೇಲೆ. ಕೋಚಿಂಗ್ ದುಡ್ಡು, ಬೆಂಗಳೂರಿಗೋ ಮಂಗಳೂರಿಗೋ ಹೋಗಿಬರೋ ಬಸ್ ಚಾರ್ಜು ಬೇರೆ.

ಇಂಗ್ಲಿಷ್ ಬಾರದ ಹುಡುಗಿಯಲ್ಲ. ಮತ್ತೆ ಬರವಣಿಗೆಯಲ್ಲೇ ಯಾಕೆ ಮುಗ್ಗರಿಸಿದಳು? ಉತ್ತರ ಅವಳ ಕೋಚಿಂಗ್ ನೋಟ್ಸಿನಲ್ಲೇ ಇತ್ತು. ನಲವತ್ತು ಪ್ರಬಂಧ, ಎಲ್ಲಕ್ಕೂ ಒಂದೇ ಪೀಠಿಕೆ, ಒಂದೇ ಮುಕ್ತಾಯ. ನಡುವಿನ ವಿಷಯ ಮಾತ್ರ ಬದಲು. ಎಸ್ಸೆಸ್ಸೆಲ್ಸಿ ಗೈಡಿನ ಮೊಮ್ಮಗ. ನಮ್ಮಲ್ಲಿ ಉರು ಹೊಡೆದವನಿಗೆ ಫಸ್ಟ್ ಕ್ಲಾಸು. ಅಲ್ಲಿ ಪೂರ್ತಿ ಬಾಯಿಪಾಠ ಅಂತ ರುಜುವಾತಾದರೆ ಸೊನ್ನೆ! ಅರೆಬರೆ ಬಾಯಿಪಾಠವನ್ನೂ ತಿದ್ದುವವರು ವಾಸನೆ ಹಿಡಿಯುತ್ತಾರೆ.

ಒಂದು ಗಂಟೆ, ಎರಡು ಪ್ರಶ್ನೆ. ಮೊದಲನೆಯದಕ್ಕೆ ಕನಿಷ್ಠ 150 ಪದ, ಎರಡನೆಯದಕ್ಕೆ 250. ಎರಡನೆಯದಕ್ಕೆ ತೂಕ ದುಪ್ಪಟ್ಟು, ಅದಕ್ಕೇ ನಲವತ್ತು ನಿಮಿಷ ಇಡಬೇಕು. ಕೇಳಿದ್ದಕ್ಕೆ ಉತ್ತರ, ಮಾತಿನ ಹೊಂದಿಕೆ, ಪದ, ವ್ಯಾಕರಣ, ನಾಲ್ಕಕ್ಕೂ ಸಮಪಾಲು. ದೊಡ್ಡ ದೊಡ್ಡ ಪದ ಪೇರಿಸಿದರೆ ಒಂದು ಪಾಲು ಸಿಗಬಹುದು, ಅದೂ ಸರಿಯಾಗಿ ಕೂತರೆ.

ಈಗ ಆಕೆಗೆ ಸಂಜೆ ಹೊತ್ತು ಹೇಳಿಕೊಡ್ತಿರೋರು ಒಬ್ಬ ರಿಟೈರ್ಡ್ ಮೇಷ್ಟ್ರು. ಗ್ರಾಫ್ ಪ್ರಶ್ನೆಗೆ ಅವಳು ಏರಿದ್ದು ಯಾಕೆ, ಇಳಿದದ್ದು ಯಾಕೆ ಅಂತ ಕಾರಣ ಬರೆದಿದ್ದಳು.

'ನೋಡಮ್ಮ, ನಿಮ್ಮಪ್ಪ ತಿಂಗಳ ಕೊನೆಗೆ ಖಾತೆ ಪುಸ್ತಕ ನೋಡಿ ಏನಂತಾರೆ?'

'ಈ ತಿಂಗಳು ಅಕ್ಕಿ ಚೆನ್ನಾಗಿ ಹೋಯ್ತು, ಬೇಳೆ ಹಾಗೇ ನಿಂತ್ಕೊಂಡಿದೆ ಅಂತಾರೆ ಸಾರ್.'

'ಅಷ್ಟೇ ಬೇಕಾಗಿರೋದು. ಮೊದಲು ಒಟ್ಟು ಚಿತ್ರ, ಆಮೇಲೆ ಮುಖ್ಯ ಅಂಕಿ. ಕಾರಣ ಯಾರೂ ಕೇಳಿಲ್ಲ.'

ಅಂಗಡಿ ಗಲ್ಲಾದ ಮೇಲೆ ಕೂತವರಿಗೆ ಇದು ಹೊಸದೇನಲ್ಲ.

ದೊಡ್ಡ ಪ್ರಬಂಧದ ರೋಗ ಬೇರೆ. 'ನೀನು ಒಪ್ಪುತ್ತೀಯಾ' ಅಂತ ಕೇಳಿದರೆ ನಮ್ಮ ಮಕ್ಕಳು ಅನುಕೂಲ ನಾಲ್ಕು, ಅನಾನುಕೂಲ ನಾಲ್ಕು ಬರೆದು ಎದ್ದುಬರುತ್ತಾರೆ. ಒಪ್ಪಿದೆಯೋ ಇಲ್ಲವೋ ದೇವರಿಗೇ ಗೊತ್ತು. ಕ್ಲಾಸಿನಲ್ಲಿ ಸ್ವಂತ ಅಭಿಪ್ರಾಯ ಹೇಳಿದರೆ 'ಕೂತ್ಕೊಳ್ಳೋ' ಅನ್ನಿಸಿಕೊಂಡ ಮಕ್ಕಳು ತಾನೇ! ಇನ್ನು 'ದಿ', 'ಎ' ಬಿಟ್ಟುಹೋಗೋದು ಕನ್ನಡದಲ್ಲಿ ಅಂಥದ್ದಿಲ್ಲದ್ದರಿಂದ. ಅದನ್ನು ದಡ್ಡತನ ಅನ್ನೋರಿಗೆ ಬುದ್ಧಿ ಕಮ್ಮಿ.

ಮೇಷ್ಟ್ರ ಕ್ರಮ ಸರಳ. ದಿನಕ್ಕೆ ಒಂದೇ ಪ್ರಶ್ನೆ, ಗಡಿಯಾರ ಎದುರಿಗಿಟ್ಟು. ತಪ್ಪಿಗೆ ಬರೀ ಕೆಂಪು ಗೆರೆ. ಸರಿ ಯಾವುದೆಂದು ಅವಳೇ ಹುಡುಕಬೇಕು. ಮರುದಿನ ಅದೇ ಪ್ರಬಂಧ ಮತ್ತೆ. ಕೋಚಿಂಗಿನ ನಲವತ್ತು ಪ್ರಬಂಧದಲ್ಲಿ ತಿದ್ದಿಕೊಟ್ಟದ್ದು ಮೂರೋ ನಾಲ್ಕೋ. ದುಡ್ಡು ಕಟ್ಟುವ ಮುಂಚೆ ತಂದೆತಾಯಿ ಕೇಳಬೇಕಾದ್ದು ಇದನ್ನೇ: ವಾರಕ್ಕೆ ಎಷ್ಟು ತಿದ್ದುತ್ತೀರಿ? ತಿದ್ದೋರು ಯಾರು?

ಇನ್ನೊಂದು ವಿಷಯ. ಒಂದು ವರ್ಷದೊಳಗೆ ಬರೆದ ಎರಡು ಪರೀಕ್ಷೆಯ ಅಂಕ ಕೂಡಿಸಿ ತೋರಿಸಲು ಆ ಕೌನ್ಸಿಲ್ 2023ರಿಂದ ಬಿಟ್ಟಿದೆ. ಮುಂಚೆ ಆರೇ ತಿಂಗಳಿತ್ತು. ಎರಡರಲ್ಲೂ ಬರವಣಿಗೆ 6ಕ್ಕಿಂತ, ಉಳಿದ ಮೂರು 6.5ಕ್ಕಿಂತ ಇಳಿದಿರಬಾರದು. ಅಂದರೆ ಹುಡುಗಿಯ ಹಳೇ 7ಗಳು ನೀರುಪಾಲಾಗಿಲ್ಲ. ಈ ಮಾತನ್ನು ಗ್ಯಾರಂಟಿ ಬೋರ್ಡಿನವರು ಅವಳ ಅಪ್ಪನಿಗೆ ಹೇಳಿರಲೇ ಇಲ್ಲ. ಹೊಸ ಬ್ಯಾಚಿಗೆ ಮತ್ತೆ ಸೇರಿಸಿ ಅಂದಿದ್ದರು.