ಕಂಪ್ಯೂಟರ್ ತಂಪು, ಮನುಷ್ಯ ಕೆಂಪು

ಮೊನ್ನೆ ಶನಿವಾರ ಗೆಳೆಯನೊಬ್ಬ "ಬಾ ಮಗಾ, ಒಂದು ಐಟಂ ತೋರಿಸ್ತೀನಿ" ಅಂತ ಮನೆಗೆ ಕರೆದ. ಹೋಗಿ ನೋಡಿದ್ರೆ, ಅಕ್ವೇರಿಯಂ ನೀರು ತಣ್ಣಗಿಡೋ ಚಿಲ್ಲರ್ ತಂದು, ಪೈಪ್ ಎಳೆದು ಗೇಮಿಂಗ್ ಕಂಪ್ಯೂಟರ್‌ಗೆ ಜೋಡಿಸಿದ್ದಾನೆ! ಗೇಮ್ ಓಡ್ತಿದ್ರೂ ಪ್ರೊಸೆಸರ್ 40 ಡಿಗ್ರಿ. ಅವನು ಮಾತ್ರ ಬನಿಯನ್‌ನಲ್ಲಿ ಬೆವರ್ತಾ ಕೂತಿದ್ದ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಚಿಲ್ಲರ್ ಬಿಸೀನ ಸಾಯಿಸಲ್ಲ, ಫ್ರಿಜ್ಜಿನ ಹಾಗೆ ಎತ್ತಿ ಹೊರಗೆ ಹಾಕುತ್ತೆ ಅಷ್ಟೇ. ಕಂಪ್ಯೂಟರ್ 500 ವ್ಯಾಟ್, ಕಂಪ್ರೆಸರ್ 200 ವ್ಯಾಟ್ ಎಳೆಯುತ್ತೆ ಅಂದ್ಕೊಳ್ಳಿ. ಅಷ್ಟೂ 700 ವ್ಯಾಟ್ ಬಿಸಿಯಾಗಿ ಅದೇ ರೂಮಿಗೆ ಬೀಳುತ್ತೆ. ಅದನ್ನ ತಡೆಯೋಕೆ ಏಸಿ. ಏಸಿಯ ಬಿಸಿ ಪಕ್ಕದ ಮನೆಯವರ ಕಿಟಕಿಗೆ.

ಮಾಮೂಲಿ ಲಿಕ್ವಿಡ್ ಕೂಲಿಂಗ್ ಬಗ್ಗೆ ನನ್ನ ತಕರಾರಿಲ್ಲ. ರೇಡಿಯೇಟರ್, ಫ್ಯಾನ್ ಇರೋ ಲೂಪ್‌ನಲ್ಲಿ ನೀರು ರೂಮಿಗಿಂತ ತಣ್ಣಗಾಗಲ್ಲ. ಚಿಲ್ಲರ್‌ನಲ್ಲಿ ಆಗುತ್ತೆ, ತೊಂದರೆ ಶುರುವಾಗೋದೇ ಅಲ್ಲಿ. ರೂಮು 28 ಡಿಗ್ರಿ, ತೇವಾಂಶ ಶೇಕಡಾ 70 ಇದ್ರೆ, ಸುಮಾರು 22 ಡಿಗ್ರಿಗಿಂತ ತಣ್ಣಗಾದ ಎಲ್ಲದರ ಮೇಲೂ ನೀರು ಹನಿಗಟ್ಟುತ್ತೆ. ಐಸ್ ನೀರು ತುಂಬಿದ ಚೊಂಬು ಬೆವೆತರೆ ಒರೆಸಬಹುದು. ಮದರ್‌ಬೋರ್ಡ್ ಬೆವೆತರೆ?

ಈ ಹುಚ್ಚಿಗೆ ದೊಡ್ಡವರ ಆಶೀರ್ವಾದವೂ ಇದೆ. 2018ರ ಜೂನ್‌ನಲ್ಲಿ ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿ ಇಂಟೆಲ್ 28 ಕೋರ್ ಪ್ರೊಸೆಸರನ್ನ 5 ಗಿಗಾಹರ್ಟ್ಸ್‌ನಲ್ಲಿ ಓಡಿಸಿ ತೋರಿಸ್ತು. ಓವರ್‌ಕ್ಲಾಕ್ ಮಾಡಿದ್ದೀವಿ ಅಂತ ವೇದಿಕೆ ಮೇಲೆ ಹೇಳಲಿಲ್ಲ. ಆಮೇಲೆ ಗೊತ್ತಾಯ್ತು, ಅದನ್ನ ತಣ್ಣಗಿಟ್ಟಿದ್ದು 1 ಹೆಚ್‌ಪಿ ವಾಟರ್ ಚಿಲ್ಲರ್!

1 ಹೆಚ್‌ಪಿ ಅಂದ್ರೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತೋ ಮೋಟ್ರು. ತಿಪಟೂರು ಕಡೆಯ ನಮ್ಮೂರಲ್ಲಿ ತೋಟಕ್ಕೆ ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಬರುತ್ತೆ. ರಾತ್ರಿ ಪಾಳಿ ಬಂದ್ರೆ ಅಪ್ಪ ಟಾರ್ಚ್ ಹಿಡಿದು ಹೋಗಿ ಮೋಟ್ರು ಹಾಕಿ ಬರ್ತಾರೆ, ಈ ವಯಸ್ಸಲ್ಲೂ. ಇದನ್ನ ಹೇಳಿದ್ರೆ ಗೆಳೆಯ, "ನನ್ನ ದುಡ್ಡು, ನನ್ನ ಕರೆಂಟು" ಅಂದ. ದುಡ್ಡು ನಿಂದೇ ಗುರೂ. ಕರೆಂಟು ಎಲ್ಲರಿಗೂ ಸೇರಿದ್ದು. ನೀನೊಬ್ಬ ಚಿಲ್ಲರ್ ಆಫ್ ಮಾಡಿದ್ರೆ ಅಪ್ಪನಿಗೆ ಹಗಲು ಕರೆಂಟು ಬಂದುಬಿಡಲ್ಲ, ಗೊತ್ತು. ಆದ್ರೆ ಒಬ್ಬರು ನಿದ್ದೆಗೆಟ್ಟು ಕಾಯೋ ಕರೆಂಟನ್ನ, ಬೇಕೇ ಇಲ್ಲದ ಕೆಲಸಕ್ಕೆ ಸುಡೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?

ಹೌದು, ಬೇಕೇ ಇಲ್ಲ. ರೈಜೆನ್ 9 7950ಎಕ್ಸ್ ಥರದ ಚಿಪ್ಪು ಪೂರ್ತಿ ಲೋಡಿನಲ್ಲಿ 95 ಡಿಗ್ರಿ ಮುಟ್ಟುವಂತೆ ಎಎಂಡಿಯೇ ವಿನ್ಯಾಸ ಮಾಡಿದೆ. 80 ಡಿಗ್ರಿ ಕಂಡ ಕೂಡಲೇ ಜ್ವರ ಬಂದ ಮಗುವಿನ ಥರ ತಣ್ಣೀರು ಪಟ್ಟಿ ಹಾಕೋದು ಬೇಡ. ಅದೇ ಚಿಪ್ಪಿನ ಟಿಡಿಪಿ 170 ವ್ಯಾಟ್. ಈಕೋ ಮೋಡ್‌ನಲ್ಲಿ 105ಕ್ಕೋ 65ಕ್ಕೋ ಇಳಿಸಬಹುದು, ಪೈಸೆ ಖರ್ಚಿಲ್ಲ. ಫ್ಯಾನಿನ ಧೂಳು ಹೊಡೀರಿ, ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸಿ. ಲ್ಯಾಬಿನ ಲೇಸರ್‌ಗೆ ಚಿಲ್ಲರ್ ಬೇಕು, ಒಪ್ತೀನಿ. ಗೇಮ್‌ನಲ್ಲಿ ನಾಲ್ಕು ಫ್ರೇಮ್ ಜಾಸ್ತಿ ಸಿಗ್ಲಿ ಅಂತ ಬೇಕಾ? ಬಿಸಿ ಹುಟ್ಟಿಸಿ ಓಡಿಸೋದಕ್ಕಿಂತ ಹುಟ್ಟಿಸದೇ ಇರೋದು ಒಳ್ಳೇ ಎಂಜಿನಿಯರಿಂಗ್.

ಅವನು ಒಪ್ಪಲಿಲ್ಲ. ವಾದ ಮುಗಿಸೋಕೆ ಇಬ್ರೂ ಬಾಲ್ಕನಿಗೆ ಹೋದ್ವಿ. ಒಳಗೆ ಕೂರೋಕೆ ಆಗ್ತಿರಲಿಲ್ಲ.